ಪಶು ಆಹಾರ ಕಾರ್ಖಾನೆಯ ಸರ್ವರನ್ನು ಕ್ಲೌಡ್‌ಗೆ ಒಯ್ಯಬೇಕಿದೆ: ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು?

ಗೆಜ್ಜಲಗೆರೆ ಘಟಕ

ಎಲ್ಲರಿಗೂ ನಮಸ್ಕಾರ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಬಳಿ ಪಶು ಆಹಾರ ತಯಾರಿಸುವ ಖಾಸಗಿ ಕಂಪನಿಯೊಂದರಲ್ಲಿ ನಾನು ಲೆಕ್ಕಪತ್ರದ ಜೊತೆಗೆ ಕಂಪ್ಯೂಟರ್ ವ್ಯವಸ್ಥೆಯನ್ನೂ ನೋಡಿಕೊಳ್ಳುತ್ತೇನೆ. ಕಾರ್ಖಾನೆ ಅಲ್ಲಿದೆ, ಮುಖ್ಯ ಕಚೇರಿ ಮೈಸೂರಿನ ಹೆಬ್ಬಾಳದಲ್ಲಿದೆ, ಗೋದಾಮು ನಂಜನಗೂಡಿನಲ್ಲಿದೆ. ಹೆಬ್ಬಾಳದ ಕಚೇರಿಯ ಕೋಣೆಯೊಂದರಲ್ಲಿರುವ ಒಂದೇ ಸರ್ವರಿನ ಮೇಲೆ ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ, ಹಾಜರಾತಿ, ಡೀಲರುಗಳ ಆರ್ಡರು ಮತ್ತು ಬಾಕಿ ನೋಡುವ ಪ್ರೋಗ್ರಾಂ ಎಲ್ಲವೂ ನಡೆಯುತ್ತಿವೆ. ಈ ಕೊನೆಯದನ್ನು ಮೈಸೂರಿನವರೇ ಹಲವು ವರ್ಷಗಳ ಹಿಂದೆ ಬರೆದುಕೊಟ್ಟರು; ಅದು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಎಂಬ ಮೈಕ್ರೋಸಾಫ್ಟ್‌ನ ಉಚಿತ ಡೇಟಾಬೇಸ್ ಬಳಸುತ್ತದೆ. ಇದಲ್ಲದೆ ಬಿಲ್ಲುಗಳ ಸ್ಕ್ಯಾನ್ ಪ್ರತಿ, ಪ್ರಯೋಗಾಲಯದ ವರದಿ ಮುಂತಾದವು ಇರುವ ಸುಮಾರು 900 ಜಿಬಿಯ ಫೋಲ್ಡರ್ ಒಂದಿದೆ. ಕಾರ್ಖಾನೆಯಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗೆ ಬೇರೆ ಕಂಪ್ಯೂಟರ್ ಇದ್ದು, ತೂಕದ ಚೀಟಿಗಳ ವಿವರ ಪ್ರತಿ ಸಂಜೆ ಹೆಬ್ಬಾಳಕ್ಕೆ ಬರುತ್ತದೆ.

ಸರ್ವರಿನಲ್ಲಿರುವುದು ವಿಂಡೋಸ್ ಸರ್ವರ್ 2016. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2027ರ ಜನವರಿಗೆ ಮುಗಿಯುತ್ತದೆ. ಹೊಸ ಸರ್ವರಿಗೆ ಹಣ ಹಾಕುವ ಬದಲು ಎಲ್ಲವನ್ನೂ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಬೇರೆಯವರ ಸರ್ವರಿಗೆ ಒಯ್ಯಬೇಕು, ಅದೂ ಮಾರ್ಚ್ 31ರೊಳಗೆ ಆಗಬೇಕು ಎಂಬುದು ಮಾಲೀಕರ ಇಚ್ಛೆ. ಒಬ್ಬ ಸೇವಾದಾರರು ಒಂದು ಪುಟದ ದರಪಟ್ಟಿಯನ್ನೂ ಕೊಟ್ಟಿದ್ದಾರೆ. ಅದರಲ್ಲಿ ಇಷ್ಟು ಪ್ರೊಸೆಸರ್ ಕೋರ್, ಇಷ್ಟು ಮೆಮೊರಿ, ತಿಂಗಳಿಗೆ ಇಷ್ಟು ರೂಪಾಯಿ ಎಂದು ಮಾತ್ರ ಇದೆ. ಮೊದಲು ಯಾವುದನ್ನು ಒಯ್ಯಬೇಕು, ಇಂಟರ್ನೆಟ್ ಕೈಕೊಟ್ಟರೆ ಏನು ಮಾಡಬೇಕು, ಕಾನೂನಿನ ಬಾಧ್ಯತೆಗಳೇನು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅನುಭವಿಗಳು ದಯವಿಟ್ಟು ತಿಳಿಸಿ.

ಬೆಳವಾಡಿ ಖಾತೆ

ಮಾರ್ಚ್ 31 ಬೇಡವೇ ಬೇಡ. ವರ್ಷಾಂತ್ಯದ ಲೆಕ್ಕ ಮುಗಿಸುವ ವಾರದಲ್ಲಿ ಲೆಕ್ಕದ ಮನೆಯನ್ನೇ ಬದಲಿಸಬಾರದು. ಬೆಂಬಲ ಮುಗಿಯುವುದು ಜನವರಿಯಲ್ಲಿ ಎಂದ ಮೇಲೆ ಜೂನ್ ಅಥವಾ ಜುಲೈನಲ್ಲಿ ಮಾಡಲು ಏನೂ ಅಡ್ಡಿಯಿಲ್ಲ.

ಹೂಟಗಳ್ಳಿ ನೆಟ್‌ವರ್ಕ್

ಸರ್, ದರಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಯಾವ ಕೆಲಸ ಎಷ್ಟು ಹೊತ್ತು ನಿಂತರೆ ನಿಮಗೆ ನಷ್ಟ ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ಹಾಜರಾತಿ ಒಂದು ದಿನ ನಿಂತರೂ ಯಾರಿಗೂ ತೊಂದರೆಯಾಗದು. ಟ್ಯಾಲಿ ಅರ್ಧ ದಿನ ನಿಂತರೆ ಸಹಿಸಬಹುದು. ಮೆಕ್ಕೆಜೋಳವೋ ತೌಡೋ ತಂದ ಲಾರಿಗಳು ವೇಬ್ರಿಡ್ಜ್ ಮುಂದೆ ನಿಂತಿರುವಾಗ ಹತ್ತು ನಿಮಿಷ ತೂಕ ನಿಂತರೂ ಗೇಟಿನಲ್ಲಿ ಜಗಳವಾಗುತ್ತದೆ. ಈ ಪಟ್ಟಿ ಕೈಯಲ್ಲಿದ್ದರೆ ಯಾವುದನ್ನು ಒಯ್ಯಬೇಕು, ಯಾವುದನ್ನು ಇದ್ದಲ್ಲೇ ಬಿಡಬೇಕು ಎಂಬುದು ಅರ್ಧದಷ್ಟು ತೀರ್ಮಾನವಾದಂತೆಯೇ. ವೇಬ್ರಿಡ್ಜ್ ಮಾತ್ರ ಯಾವ ಕಾರಣಕ್ಕೂ ಇಂಟರ್ನೆಟ್‌ಗೆ ಕಾಯುವಂತಾಗಬಾರದು.

ಎರಡನೆಯದು ನಿಮ್ಮ ಲೈನು. ಇಂದು ಹೆಬ್ಬಾಳದ ಲೈನು ಹೋದರೆ ಹೆಬ್ಬಾಳದವರ ಕೆಲಸವಾದರೂ ಒಳಗಿನ ಜಾಲದಲ್ಲಿ ನಡೆಯುತ್ತದೆ. ಸರ್ವರು ಕ್ಲೌಡ್‌ಗೆ ಹೋದ ಮೇಲೆ ಮೂರೂ ಕಡೆ ಲೈನೇ ಜೀವ. ಆದ್ದರಿಂದ ಪ್ರತಿ ಜಾಗಕ್ಕೂ ಬೇರೆ ಬೇರೆ ಕಂಪನಿಯ ಎರಡು ಸಂಪರ್ಕ ಬೇಕು. ಎರಡೂ ಫೈಬರ್ ಒಂದೇ ಕಂಬದ ಮೇಲೆ ಅಥವಾ ಒಂದೇ ಚರಂಡಿಯ ಪಕ್ಕದಲ್ಲಿ ಬಂದರೆ, ಜೆಸಿಬಿ ಒಂದು ಸಲ ಅಗೆದಾಗ ಎರಡೂ ತುಂಡಾಗುತ್ತವೆ. ಎರಡನೆಯದು ನಿಸ್ತಂತು ಸಂಪರ್ಕವಾಗಿದ್ದರೆ ಆ ಭಯವಿಲ್ಲ. ಒಂದು ಹೋದಾಗ ಇನ್ನೊಂದಕ್ಕೆ ತಾನಾಗಿಯೇ ಬದಲಾಗುವ ರೂಟರ್ ಹಾಕಿಸಿ. ವಿದ್ಯುತ್ ಹೋದಾಗ ಸ್ವಿಚ್ಚು, ರೂಟರು ಮತ್ತು ಫೈಬರಿನ ಪೆಟ್ಟಿಗೆ ಮೂರೂ ಯುಪಿಎಸ್ ಮೇಲಿರಬೇಕು. ಸರ್ವರಿಗೆ ದೊಡ್ಡ ಯುಪಿಎಸ್ ಇಟ್ಟು ಫೈಬರಿನ ಪೆಟ್ಟಿಗೆಯನ್ನು ಗೋಡೆಯ ಸಾಮಾನ್ಯ ಪ್ಲಗ್ಗಿಗೆ ಸಿಕ್ಕಿಸಿರುವ ಕಚೇರಿಗಳನ್ನು ನಾನು ಹೂಟಗಳ್ಳಿಯಲ್ಲೂ ಕೂರ್ಗಳ್ಳಿಯಲ್ಲೂ ಸಾಕಷ್ಟು ಕಂಡಿದ್ದೇನೆ.

ಅಪ್‌ಲೋಡ್ ವೇಗವನ್ನೂ ಕೇಳಿ ತಿಳಿದುಕೊಳ್ಳಿ. 900 ಜಿಬಿಯನ್ನು 20 ಎಂಬಿಪಿಎಸ್ ವೇಗದಲ್ಲಿ ಕಳಿಸಲು, ಲೈನು ಒಂದು ಕ್ಷಣವೂ ಬಿಡುವಿಲ್ಲದೆ ಪೂರ್ತಿ ವೇಗದಲ್ಲಿ ಓಡಿದರೂ 100 ಗಂಟೆ ಬೇಕು. ಹಾಗಾಗಿ ಫೋಲ್ಡರನ್ನು ಕೆಲವು ವಾರ ಮೊದಲಿನಿಂದಲೇ ರಾತ್ರಿಯ ಹೊತ್ತು ಕಳಿಸುತ್ತಾ ಬಂದು, ಕೊನೆಯ ದಿನ ಬದಲಾದ ಕಡತಗಳನ್ನು ಮಾತ್ರ ಕಳಿಸುವುದು ಸರಿಯಾದ ಕ್ರಮ.

ಅಕ್ಕಿ ಗಿರಣಿ ಮದ್ದೂರು

ಇಷ್ಟೆಲ್ಲ ತಾಪತ್ರಯ ಯಾಕೆ ಎಂಬುದೇ ನನ್ನ ಪ್ರಶ್ನೆ. ಒಳ್ಳೆಯ ಸರ್ವರ್ ಒಂದನ್ನು ಕೊಂಡರೆ ಆರೇಳು ವರ್ಷ ಬಾಳಿಕೆ ಬರುತ್ತದೆ. ಕ್ಲೌಡ್ ಎಂದರೆ ಪ್ರತಿ ತಿಂಗಳೂ ಬಾಡಿಗೆ, ಅದೂ ಕೊನೆಯಿಲ್ಲದ ಬಾಡಿಗೆ. ನಮ್ಮ ಗಿರಣಿಯಲ್ಲಿ ಸ್ವಂತ ಸರ್ವರಿದೆ, ಯಾರ ಹಂಗೂ ಇಲ್ಲ. ನಮ್ಮ ಲೆಕ್ಕ ನಮ್ಮ ಕಣ್ಣ ಮುಂದೆ ಇರುವುದೇ ಕ್ಷೇಮ.

ಕುವೆಂಪುನಗರ ಡೆವಲಪರ್

ಸರ್, ಒಂದೇ ಜಾಗದಲ್ಲಿ ನಡೆಯುವ ವ್ಯಾಪಾರಕ್ಕೆ ತಮ್ಮ ಮಾತು ಬಹುಮಟ್ಟಿಗೆ ಸರಿ. ಆದರೆ ಹೋಲಿಸುವಾಗ ಸರ್ವರಿನ ಬೆಲೆಯನ್ನು ಮಾತ್ರ ಹಿಡಿಯಬಾರದು. 500 ವ್ಯಾಟಿನ ಯಂತ್ರ ಹಗಲು ರಾತ್ರಿ ಓಡಿದರೆ ವರ್ಷಕ್ಕೆ 4,380 ಯೂನಿಟ್ ವಿದ್ಯುತ್ ತಿನ್ನುತ್ತದೆ. ಅದರ ಕೋಣೆಗೆ ಎಸಿ, ಎರಡು ಮೂರು ವರ್ಷಕ್ಕೊಮ್ಮೆ ಯುಪಿಎಸ್ ಬ್ಯಾಟರಿ, ವಾರ್ಷಿಕ ನಿರ್ವಹಣೆ, ಬೇರೆ ಊರಿನಲ್ಲಿ ಇಡಬೇಕಾದ ಬ್ಯಾಕಪ್, ಇವೆಲ್ಲವೂ ಸೇರಬೇಕು. ಮೂರು ಊರುಗಳಲ್ಲಿ ಹರಡಿದ ಕಂಪನಿಗೆ ಹೆಬ್ಬಾಳದ ಒಂದು ಕೋಣೆಯನ್ನೇ ನಂಬಿ ಕೂರುವುದೂ ಅಪಾಯವೇ.

ಗೆಜ್ಜಲಗೆರೆಯವರಿಗೆ ನನ್ನ ಮುಖ್ಯ ಎಚ್ಚರಿಕೆ ಡೀಲರು ಪ್ರೋಗ್ರಾಂ ಕುರಿತದ್ದು. ಹಳೆಯ ಪ್ರೋಗ್ರಾಂಗಳು ಒಂದು ಪರದೆ ತೆರೆಯಲು ಡೇಟಾಬೇಸಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಸಣ್ಣ ಪ್ರಶ್ನೆಗಳನ್ನು ಒಂದರ ನಂತರ ಒಂದರಂತೆ ಕೇಳುತ್ತವೆ. ಕಚೇರಿಯ ಒಳಗೆ ಪ್ರತಿ ಪ್ರಶ್ನೆಗೆ ಒಂದು ಮಿಲಿಸೆಕೆಂಡ್ ಸಾಕು. 2,000 ಪ್ರಶ್ನೆ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಡೇಟಾಬೇಸನ್ನು ಮಾತ್ರ ಮುಂಬೈನ ಕ್ಲೌಡ್ ಕೇಂದ್ರಕ್ಕೆ ಕಳಿಸಿ ಪ್ರೋಗ್ರಾಂ ಹೆಬ್ಬಾಳದಲ್ಲೇ ಉಳಿದರೆ, ಹೋಗಿ ಬರಲು 30 ಮಿಲಿಸೆಕೆಂಡ್ ಎಂದಿಟ್ಟುಕೊಂಡರೂ ಅದೇ ಪರದೆ ತೆರೆಯಲು ಒಂದು ನಿಮಿಷ ಬೇಕಾಗುತ್ತದೆ. ಲೈನಿನ ವೇಗ ಹೆಚ್ಚಿಸಿದರೂ ಇದು ಸರಿಹೋಗದು, ಏಕೆಂದರೆ ಇಲ್ಲಿ ಕಾಡುವುದು ದೂರ. ಆದ್ದರಿಂದ ಪ್ರೋಗ್ರಾಂ ಮತ್ತು ಡೇಟಾಬೇಸ್ ಒಟ್ಟಿಗೇ ಹೋಗಬೇಕು. ಜನ ರಿಮೋಟ್ ಡೆಸ್ಕ್‌ಟಾಪ್ ಮೂಲಕ, ಅಂದರೆ ದೂರದ ಯಂತ್ರದ ಪರದೆಯನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದು, ಅಲ್ಲೇ ಕೆಲಸ ಮಾಡಬೇಕು. ಟ್ಯಾಲಿಗೂ ಇದೇ ಮಾತು. ರಿಮೋಟ್ ಡೆಸ್ಕ್‌ಟಾಪ್‌ಗೆ ಬಳಕೆದಾರರ ಲೆಕ್ಕದಲ್ಲಿ ಪ್ರತ್ಯೇಕ ಪರವಾನಗಿ ಬೇಕು. ನಿಮ್ಮ ದರಪಟ್ಟಿಯಲ್ಲಿ ಅದು ಸೇರಿದೆಯೇ ಎಂದು ಖಂಡಿತ ಕೇಳಿ.

ಸಕ್ಕರೆನಾಡಿನವ

ಟ್ಯಾಲಿಯ ಡೇಟಾ ಫೋಲ್ಡರನ್ನು ಗೂಗಲ್ ಡ್ರೈವ್‌ಗೆ ಜೋಡಿಸಿದರೆ ಸಾಲದೇ? ಅದೂ ಕ್ಲೌಡ್ ಅಲ್ಲವೇ?

ಕುವೆಂಪುನಗರ ಡೆವಲಪರ್

ದಯವಿಟ್ಟು ಹಾಗೆ ಮಾಡಬೇಡಿ. ಇಬ್ಬರು ಎರಡು ಕಡೆ ಒಂದೇ ಕಂಪನಿಯ ಲೆಕ್ಕವನ್ನು ತೆರೆದಾಗ, ಸಿಂಕ್ ಮಾಡುವ ಸೇವೆಗೆ ಯಾರ ಕಡತ ಸರಿ ಎಂಬುದು ತಿಳಿಯುವುದಿಲ್ಲ. ಒಬ್ಬರ ನಮೂದುಗಳು ಅಳಿಸಿಹೋಗುತ್ತವೆ, ಇಲ್ಲವೇ ಡೇಟಾ ಕೆಡುತ್ತದೆ. ಬ್ಯಾಕಪ್ ಪ್ರತಿಯನ್ನು ಅಲ್ಲಿ ಇಡುವುದು ಬೇರೆ ವಿಷಯ. ಚಾಲ್ತಿಯ ಡೇಟಾವನ್ನು ಇಡಬಾರದು.

ಲೆಕ್ಕಪರಿಶೋಧಕಿ ಮೈಸೂರು

ಕಾನೂನಿನ ಬಗ್ಗೆ ಕೇಳಿದ್ದೀರಿ, ಅದಕ್ಕೆ ಉತ್ತರಿಸುತ್ತೇನೆ. ನಿಮ್ಮದು ಕಂಪನಿ ಕಾಯ್ದೆಯಡಿ ನೋಂದಾಯಿತ ಸಂಸ್ಥೆಯಾದ್ದರಿಂದ ಕೆಲವು ಬಾಧ್ಯತೆಗಳಿವೆ. ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ಆದ ತಿದ್ದುಪಡಿಯ ಪ್ರಕಾರ, ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗೆ ಭೌತಿಕವಾಗಿ ಇರುವ ಸರ್ವರಿನಲ್ಲಿ ಪ್ರತಿದಿನವೂ ಆಗಬೇಕು. ಮೊದಲು 'ನಿಯತಕಾಲಿಕವಾಗಿ' ಎಂದಿತ್ತು, ಈಗ 'ಪ್ರತಿದಿನ' ಎಂದಾಗಿದೆ. ಲೆಕ್ಕವನ್ನು ಕ್ಲೌಡ್‌ನಲ್ಲಿ ಇಟ್ಟರೆ ಸೇವಾದಾರರ ಹೆಸರು, ಐಪಿ ವಿಳಾಸ, ಸ್ಥಳ ಮುಂತಾದ ವಿವರಗಳನ್ನು ಪ್ರತಿ ವರ್ಷ ಹಣಕಾಸು ಪಟ್ಟಿ ಸಲ್ಲಿಸುವಾಗ ಕಂಪನಿಗಳ ರಿಜಿಸ್ಟ್ರಾರರಿಗೆ ತಿಳಿಸಬೇಕು. ಈ ಮಾಹಿತಿಯನ್ನು ಸೇವಾದಾರರಿಂದ ಈಗಲೇ ಬರೆಸಿಕೊಳ್ಳಿ. ಸೆಪ್ಟೆಂಬರಿನಲ್ಲಿ ಅವರ ಹಿಂದೆ ಅಲೆಯುವುದು ಕಷ್ಟ.

2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕು ಮತ್ತು ಅದನ್ನು ನಿಲ್ಲಿಸಲು ಸಾಧ್ಯವಿರಬಾರದು. ಸ್ಥಳಾಂತರಿಸುವಾಗ ಬಾಕಿಗಳನ್ನು ಮಾತ್ರ ಹೊಸದಕ್ಕೆ ಒಯ್ದು ಹಳೆಯದನ್ನು ಅಳಿಸಿದರೆ ಈ ದಾಖಲೆಯೇ ಹೋಗುತ್ತದೆ. ಲೆಕ್ಕಪುಸ್ತಕಗಳನ್ನು ಕಂಪನಿ ಕಾಯ್ದೆಯಂತೆ ಎಂಟು ಹಣಕಾಸು ವರ್ಷಗಳ ಕಾಲ ಕಾಯ್ದಿಡಬೇಕು. ಆದ್ದರಿಂದ ಹಳೆಯ ಡೇಟಾವನ್ನು ತೆರೆದು ಓದಬಲ್ಲ ಸ್ಥಿತಿಯಲ್ಲೇ ಉಳಿಸಿಕೊಳ್ಳಿ.

ವೆಚ್ಚದ ಬಗ್ಗೆ ಬಹಳ ಜನ ಗಮನಿಸದ ಅಂಶವೊಂದಿದೆ. ಕ್ಲೌಡ್ ಸೇವೆಗೆ ಶೇ 18ರಷ್ಟು ಜಿಎಸ್‌ಟಿ ಇದೆ. ಬೇರೆ ಉದ್ಯಮಗಳಿಗೆ ಅದು ಹೂಡುವಳಿ ತೆರಿಗೆ ಜಮೆಯಾಗಿ ಹಿಂತಿರುಗುತ್ತದೆ, ಅಂದರೆ ಮಾರಾಟದ ಮೇಲೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಲು ಸಿಗುತ್ತದೆ. ಪಶು ಆಹಾರಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ನಿಮ್ಮ ಮಾರಾಟವೆಲ್ಲ ವಿನಾಯಿತಿ ಪಡೆದ ಸರಕಾಗಿದ್ದರೆ ಆ ಶೇ 18 ನಿಮಗೆ ಪೂರ್ತಿ ಖರ್ಚೇ. ಹೊಸ ಸರ್ವರಿನ ಖರೀದಿಯಲ್ಲೂ ಜಮೆ ಸಿಗದು. ಎರಡನ್ನೂ ತೆರಿಗೆ ಸೇರಿಸಿಯೇ ಹೋಲಿಸಿ. ಇನ್ನು ಆದಾಯ ತೆರಿಗೆಯಲ್ಲಿ ಕಂಪ್ಯೂಟರುಗಳಿಗೆ ಶೇ 40ರ ದರದಲ್ಲಿ ಸವಕಳಿ ಸಿಗುತ್ತದೆ. ಕ್ಲೌಡ್ ಬಾಡಿಗೆ ಆಯಾ ವರ್ಷದ ಖರ್ಚಾಗುತ್ತದೆ.

ಅಕ್ಕಿ ಗಿರಣಿ ಮದ್ದೂರು

ಮೇಡಂ ಹೇಳಿದ ಜಿಎಸ್‌ಟಿ ವಿಚಾರ ನನ್ನ ವಾದಕ್ಕೆ ಬಲ ಕೊಡುತ್ತದೆ. ದರಪಟ್ಟಿಯ ಮೇಲೆ ಶೇ 18 ಸೇರಿಸಿದ ಮೇಲೂ ಕ್ಲೌಡ್ ಅಗ್ಗ ಎನ್ನುವವರು ಲೆಕ್ಕ ತೋರಿಸಲಿ.

ನಂಜನಗೂಡು ರಸ್ತೆ

ಲೆಕ್ಕ ತೋರಿಸಬಹುದು ಸರ್. ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆಯುವ ವರ್ಚುವಲ್ ಯಂತ್ರಕ್ಕೆ ಗಂಟೆಯ ಲೆಕ್ಕದಲ್ಲಿ ಹಣ. ತಿಂಗಳಿಗೆ ಸುಮಾರು 730 ಗಂಟೆ. ಕಚೇರಿ ದಿನಕ್ಕೆ 10 ಗಂಟೆಯಂತೆ 26 ದಿನ ನಡೆದರೆ 260 ಗಂಟೆ ಮಾತ್ರ. ರಾತ್ರಿ ಮತ್ತು ಭಾನುವಾರ ಯಂತ್ರವನ್ನು ತಾನಾಗಿಯೇ ಆರುವಂತೆ ಮಾಡಿದರೆ ಯಂತ್ರದ ಬಾಡಿಗೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಷ್ಟೇ ಕೊಡಬೇಕಾಗುತ್ತದೆ. ಡಿಸ್ಕಿನ ಬಾಡಿಗೆ ಮಾತ್ರ ಆರಿಸಿದರೂ ನಡೆಯುತ್ತಲೇ ಇರುತ್ತದೆ. ಹಗಲು ರಾತ್ರಿ ಓಡಲೇಬೇಕಾದ ಯಂತ್ರವಿದ್ದರೆ ಒಂದು ಅಥವಾ ಮೂರು ವರ್ಷಕ್ಕೆ ಮಾತು ಕೊಟ್ಟು ರಿಯಾಯಿತಿ ಪಡೆಯಬಹುದು. ಆದರೆ ಮೊದಲ ಕೆಲವು ತಿಂಗಳ ಬಳಕೆಯನ್ನು ನೋಡದೆ ಯಾವ ಕರಾರಿಗೂ ಸಹಿ ಹಾಕಬಾರದು. ಹಳೆಯ ಸರ್ವರಿನಲ್ಲಿ ಎಷ್ಟು ಕೋರ್ ಇತ್ತೋ ಅಷ್ಟನ್ನೇ ಅಲ್ಲೂ ಕೊಳ್ಳುವುದು ದುಡ್ಡು ಸುರಿಯುವ ಮಾರ್ಗ. ಈಗಿನ ಯಂತ್ರ ದಿನದ ಗರಿಷ್ಠ ಹೊತ್ತಿನಲ್ಲಿ ಎಷ್ಟು ಬಳಸುತ್ತಿದೆ ಎಂಬುದನ್ನು ಅಳೆದು ಅಷ್ಟಕ್ಕೆ ಮಾತ್ರ ಕೇಳಿ.

900 ಜಿಬಿಯ ಹಳೆಯ ಸ್ಕ್ಯಾನುಗಳಿಗೆ ವೇಗದ ಡಿಸ್ಕು ಬೇಡ. ಅಪರೂಪಕ್ಕೆ ತೆಗೆಯುವ ಕಡತಗಳಿಗೆಂದೇ ಅಗ್ಗದ ಸಂಗ್ರಹ ಶ್ರೇಣಿಗಳಿವೆ. ಒಳಕ್ಕೆ ಕಳಿಸಲು ಸಾಮಾನ್ಯವಾಗಿ ಶುಲ್ಕವಿಲ್ಲ, ಹೊರಕ್ಕೆ ತೆಗೆಯಲು ಜಿಬಿ ಲೆಕ್ಕದಲ್ಲಿ ಶುಲ್ಕವಿದೆ ಎಂಬುದು ನೆನಪಿರಲಿ. ಸೇವೆಯನ್ನೇ ಬಿಟ್ಟು ಹೋಗುವವರಿಗೆ ಆ ಶುಲ್ಕವನ್ನು ಗೂಗಲ್ 2024ರ ಜನವರಿಯಲ್ಲೂ ಅಮೆಜಾನ್ ಮಾರ್ಚ್‌ನಲ್ಲೂ ಮನ್ನಾ ಮಾಡಿದವು, ಆದರೆ ಅದಕ್ಕೆ ಮೊದಲೇ ಕೇಳಿಕೊಳ್ಳಬೇಕು.

ಸಕ್ಕರೆನಾಡಿನವ

ನನಗೆ ತಿಳಿದಂತೆ ಕ್ಲೌಡ್‌ಗೆ ಹೋದರೆ ಬ್ಯಾಕಪ್ ಚಿಂತೆ ಇರುವುದಿಲ್ಲ, ಅವರೇ ನೋಡಿಕೊಳ್ಳುತ್ತಾರೆ.

ಹೂಟಗಳ್ಳಿ ನೆಟ್‌ವರ್ಕ್

ಇಲ್ಲ ಸರ್, ಈ ನಂಬಿಕೆಯೇ ಅತ್ಯಂತ ಅಪಾಯಕಾರಿ. ಕಟ್ಟಡ, ವಿದ್ಯುತ್, ಯಂತ್ರ ಅವರ ಹೊಣೆ. ಅದರೊಳಗಿನ ನಿಮ್ಮ ಡೇಟಾ, ಪಾಸ್‌ವರ್ಡು, ಯಾರಿಗೆ ಏನು ಅನುಮತಿ ಎಂಬುದೆಲ್ಲ ನಿಮ್ಮ ಹೊಣೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರದ ಒಂದು ಕಟ್ಟಡವೇ ಬೆಂಕಿಗೆ ಆಹುತಿಯಾಯಿತು. ಬೇರೆ ಜಾಗದಲ್ಲಿ ಬ್ಯಾಕಪ್ ಇಟ್ಟುಕೊಳ್ಳದಿದ್ದ ಗ್ರಾಹಕರ ಡೇಟಾ ಮರಳಿ ಬರಲಿಲ್ಲ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಅಮೆರಿಕದ ಉತ್ತರ ವರ್ಜೀನಿಯಾ ಕೇಂದ್ರದಲ್ಲಿ ತೊಂದರೆಯಾದಾಗ ಜಗತ್ತಿನಾದ್ಯಂತ ಎಷ್ಟೋ ಸೇವೆಗಳು ಗಂಟೆಗಟ್ಟಲೆ ನಿಂತವು. ಶೇ 99.9ರಷ್ಟು ಹೊತ್ತು ಸೇವೆ ನಡೆಯುವ ಖಾತರಿ ಎಂದರೂ ತಿಂಗಳಿಗೆ 43 ನಿಮಿಷ ನಿಲ್ಲಲು ಅವಕಾಶವಿದೆ. ಅದಕ್ಕಿಂತ ಹೆಚ್ಚು ನಿಂತರೆ ಸಿಗುವುದು ಬಿಲ್ಲಿನಲ್ಲಿ ಸ್ವಲ್ಪ ಕಡಿತ ಮಾತ್ರ, ನಿಮ್ಮ ವ್ಯಾಪಾರದ ನಷ್ಟಕ್ಕೆ ಪರಿಹಾರವಲ್ಲ.

ಮುಂಬೈನಲ್ಲಿ ಯಂತ್ರವಿದ್ದರೆ ಬ್ಯಾಕಪ್ ಹೈದರಾಬಾದಿನಲ್ಲಿ ಇರಲಿ. ಅಮೆಜಾನ್‌ಗೆ 2016ರಿಂದ ಮುಂಬೈನಲ್ಲೂ 2022ರಿಂದ ಹೈದರಾಬಾದಿನಲ್ಲೂ ಕೇಂದ್ರಗಳಿವೆ. ಮೈಕ್ರೋಸಾಫ್ಟ್‌ನ ಅಜೂರ್‌ಗೆ ಪುಣೆ, ಚೆನ್ನೈ, ಮುಂಬೈಗಳಲ್ಲಿವೆ. ಗೂಗಲ್‌ಗೆ ಮುಂಬೈ ಮತ್ತು ದೆಹಲಿಯಲ್ಲಿವೆ. ಹೀಗಾಗಿ ಮೇಡಂ ಹೇಳಿದ ಭಾರತದೊಳಗಿನ ಷರತ್ತನ್ನು ಪಾಲಿಸುವುದು ಕಷ್ಟವಲ್ಲ. ಇದರ ಜೊತೆಗೆ ಒಂದು ಪ್ರತಿ ಹೆಬ್ಬಾಳದ ಕಚೇರಿಯಲ್ಲೂ ಇರಲಿ. ಆ ಬ್ಯಾಕಪ್‌ನಿಂದ ಲೆಕ್ಕವನ್ನು ಮರಳಿ ಎಬ್ಬಿಸಿ, ನಿನ್ನೆಯ ಕೊನೆಯ ವೋಚರ್ ಕಾಣುತ್ತದೆಯೇ ಎಂದು ನೋಡುವವರೆಗೂ ಬ್ಯಾಕಪ್ ಇದೆ ಎಂದು ಯಾರೂ ಹೇಳಬಾರದು.

ಗೆಜ್ಜಲಗೆರೆ ಘಟಕ

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಅಳೆದು ನೋಡಿದೆವು. ಡೀಲರು ಪ್ರೋಗ್ರಾಂನ ಡೇಟಾಬೇಸ್ 7 ಜಿಬಿ ಇದೆ. ಸರ್ವರಿನ ಬಳಕೆ ಬೆಳಗಿನ ಹೊತ್ತು ಮಾತ್ರ ಏರುತ್ತದೆ, ಉಳಿದಂತೆ ಬಹಳ ಕಡಿಮೆ. ದರಪಟ್ಟಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಪರವಾನಗಿ ಇಲ್ಲ, ಬ್ಯಾಕಪ್ ಇಲ್ಲ, ತೆರಿಗೆಯೂ ಇಲ್ಲ. ಸೇವಾದಾರರು ತಮ್ಮದೇ ಖಾತೆಯಲ್ಲಿ ನಮ್ಮ ಯಂತ್ರವನ್ನು ನಡೆಸುವುದಾಗಿ ಹೇಳುತ್ತಿದ್ದಾರೆ. ಇದು ಸರಿಯೇ?

ಬೆಳವಾಡಿ ಖಾತೆ

ಒಪ್ಪಬೇಡಿ. ಖಾತೆ ನಿಮ್ಮ ಕಂಪನಿಯ ಹೆಸರಿನಲ್ಲಿ, ಕಂಪನಿಯ ಇಮೇಲ್ ಮತ್ತು ಕಂಪನಿಯ ಮೊಬೈಲ್ ಸಂಖ್ಯೆಯ ಮೇಲೆ ತೆರೆಯಬೇಕು. ಸೇವಾದಾರರಿಗೆ ಅದರೊಳಗೆ ಕೆಲಸಕ್ಕೆ ಬೇಕಾದಷ್ಟು ಅನುಮತಿ ಕೊಟ್ಟರೆ ಸಾಕು. ನಮ್ಮ ಪರಿಚಯದ ಒಂದು ಸಂಸ್ಥೆ ಸೇವಾದಾರರ ಖಾತೆಯಲ್ಲೇ ಇತ್ತು. ಹಣದ ವಿಚಾರದಲ್ಲಿ ಇಬ್ಬರಿಗೂ ಮನಸ್ತಾಪ ಬಂದಾಗ ತನ್ನ ಸ್ವಂತ ಲೆಕ್ಕವನ್ನು ತೆರೆಯಲು ಅದು ಅವರ ಮುಂದೆ ಕೈಚಾಚಿ ನಿಲ್ಲಬೇಕಾಯಿತು. ಮಾಲೀಕರಿಗೆ ಬೇರೆಲ್ಲಕ್ಕಿಂತ ಮೊದಲು ಈ ವಿಷಯವನ್ನು ವಿವರಿಸಿ.

ಪಾವತಿಯ ಬಗ್ಗೆಯೂ ಎಚ್ಚರವಿರಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಮೊತ್ತ ₹15,000 ಮೀರಿದರೆ ಪ್ರತಿ ಸಲವೂ ಒಟಿಪಿ ಬೇಕು. ಒಟಿಪಿ ಬರುವ ಫೋನಿನವರು ಊರಲ್ಲಿಲ್ಲ ಎಂದು ಬಿಲ್ಲು ಬಾಕಿ ಉಳಿದು ಸೇವೆ ನಿಲ್ಲುವಂತಾಗಬಾರದು.

ಕುವೆಂಪುನಗರ ಡೆವಲಪರ್

7 ಜಿಬಿ ಎಂಬುದು ಗಮನಿಸಬೇಕಾದ ಅಂಕಿ. ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ನ ಬಹುತೇಕ ಆವೃತ್ತಿಗಳಲ್ಲಿ ಒಂದು ಡೇಟಾಬೇಸಿಗೆ 10 ಜಿಬಿಯ ಮಿತಿ ಇದೆ. ಅದು ಮುಟ್ಟಿದ ದಿನ ಹೊಸ ಆರ್ಡರು ದಾಖಲಾಗದು. ಸಾಗಿಸುವ ಮೊದಲೇ ಹಳೆಯ ವರ್ಷಗಳ ವಹಿವಾಟನ್ನು ಪ್ರತ್ಯೇಕ ಡೇಟಾಬೇಸಿಗೆ ತೆಗೆದಿಡಿ, ಇಲ್ಲವೇ ಪೋಸ್ಟ್‌ಗ್ರೆಸ್‌ನಂತಹ ಉಚಿತ ಡೇಟಾಬೇಸಿಗೆ ಬದಲಾಯಿಸಲು ಪ್ರೋಗ್ರಾಂ ಬರೆದವರನ್ನೇ ಕೇಳಿ. ಆದರೆ ಸಾಗಿಸುವುದು ಮತ್ತು ಬದಲಾಯಿಸುವುದು ಎರಡನ್ನೂ ಒಂದೇ ವಾರದಲ್ಲಿ ಮಾಡಬೇಡಿ. ತೊಂದರೆ ಬಂದಾಗ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಹಾಜರಾತಿಗೆ ಹೊಸ ಯಂತ್ರವೇ ಬೇಡ, ಬಾಡಿಗೆಗೆ ಸಿಗುವ ಯಾವುದಾದರೂ ಸಿದ್ಧ ಸೇವೆ ಸಾಕು. ಮೊದಲು ಅದನ್ನೇ ಬದಲಿಸಿ, ಜನರಿಗೂ ಅಭ್ಯಾಸವಾಗಲಿ.

ಹೂಟಗಳ್ಳಿ ನೆಟ್‌ವರ್ಕ್

ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟನ್ನು ಇಂಟರ್ನೆಟ್‌ಗೆ ನೇರವಾಗಿ ತೆರೆದಿಡಬೇಡಿ. ಅದನ್ನು ಹುಡುಕಿಕೊಂಡೇ ತಿರುಗುವ ಪ್ರೋಗ್ರಾಂಗಳಿವೆ. ಈ ಬಾಗಿಲಿನಿಂದಲೇ ಒಳಬಂದ ರಾನ್ಸಮ್‌ವೇರ್ ಇಡೀ ಕಚೇರಿಯ ಕಡತಗಳಿಗೆ ಬೀಗ ಹಾಕಿದ್ದನ್ನು ನಮ್ಮ ಭಾಗದಲ್ಲೇ ನೋಡಿದ್ದೇನೆ. ವಿಪಿಎನ್ ಎಂಬ ಗೂಢಲಿಪೀಕರಿಸಿದ ಖಾಸಗಿ ಸಂಪರ್ಕದ ಮೂಲಕ ಮಾತ್ರ ಪ್ರವೇಶವಿರಲಿ, ಪ್ರತಿಯೊಬ್ಬರಿಗೂ ಎರಡು ಹಂತದ ದೃಢೀಕರಣವಿರಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂತಹ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ವ್ಯವಸ್ಥೆಯ ಚಟುವಟಿಕೆಯ ದಾಖಲೆಗಳನ್ನು) 180 ದಿನ ಕಾಯ್ದಿಡಬೇಕು. ವರದಿ ಮಾಡುವವರು ಯಾರು ಎಂಬುದನ್ನು ಈಗಲೇ ಹೆಸರಿಸಿ ಬರೆದಿಡಿ.

ಅಕ್ಕಿ ಗಿರಣಿ ಮದ್ದೂರು

ನಾನು ಇನ್ನೂ ಸ್ವಂತ ಸರ್ವರಿನ ಪರವೇ. ಆದರೂ ಬ್ಯಾಕಪ್ ಬೇರೆ ಊರಿನಲ್ಲಿ ಇರಬೇಕೆಂಬ ಮಾತನ್ನು ಒಪ್ಪುತ್ತೇನೆ. ನಮ್ಮ ಗಿರಣಿಯ ಎರಡು ಪ್ರತಿಯೂ ಒಂದೇ ಕಟ್ಟಡದಲ್ಲಿವೆ, ಅದನ್ನಂತೂ ಈ ವಾರವೇ ಬದಲಿಸುತ್ತೇನೆ.

ಗೆಜ್ಜಲಗೆರೆ ಘಟಕ

ಮಾಲೀಕರು ಜುಲೈವರೆಗೆ ಕಾಯಲು ಒಪ್ಪಿದ್ದಾರೆ, ಖಾತೆಯನ್ನು ಕಂಪನಿಯ ಹೆಸರಿನಲ್ಲೇ ತೆರೆಯಲೂ ಒಪ್ಪಿದ್ದಾರೆ. ಉಳಿದಿರುವುದು ಒಂದೇ ಪ್ರಶ್ನೆ. ವೇಬ್ರಿಡ್ಜ್ ಕಂಪ್ಯೂಟರ್ ಸ್ಥಳೀಯವಾಗಿಯೇ ಉಳಿದು, ಲೈನು ಇದ್ದಾಗ ಚೀಟಿಗಳನ್ನು ತಾನಾಗಿಯೇ ಕ್ಲೌಡ್‌ಗೆ ಕಳಿಸಬೇಕು. ನಂಜನಗೂಡಿನ ಗೋದಾಮಿನಲ್ಲೂ ಲೈನಿಲ್ಲದಾಗ ಬಿಲ್ಲು ಹಾಕಬೇಕು. ಸಂಖ್ಯೆಗಳು ಒಂದರ ಮೇಲೊಂದು ಬರದಂತೆ ಮಾಡುವುದು ಹೇಗೆ?

ಕುವೆಂಪುನಗರ ಡೆವಲಪರ್

ಸಂಖ್ಯೆ ಕೊಡುವ ಅಧಿಕಾರ ಆಯಾ ಜಾಗಕ್ಕೇ ಇರಲಿ. ಗೆಜ್ಜಲಗೆರೆಗೊಂದು, ನಂಜನಗೂಡಿಗೊಂದು, ಹೆಬ್ಬಾಳಕ್ಕೊಂದು ಅಕ್ಷರ ಮುಂದೆ ಹಾಕಿ ಪ್ರತ್ಯೇಕ ಸರಣಿ ನಡೆಸಿ. ಕ್ಲೌಡ್ ತಾನಾಗಿ ಸಂಖ್ಯೆ ಕೊಡಬಾರದು, ಬಂದ ಸಂಖ್ಯೆಯನ್ನು ಹಾಗೆಯೇ ಸ್ವೀಕರಿಸಬೇಕು. ಅದೇ ಸಂಖ್ಯೆ ಎರಡನೇ ಸಲ ಬಂದರೆ ಅದನ್ನು ಮತ್ತೆ ದಾಖಲಿಸದೆ ಬಿಡಬೇಕು. ಆಗ ಲೈನು ನಡುವೆ ಹೋಗಿ ಅದೇ ಚೀಟಿಯನ್ನು ಮತ್ತೆ ಕಳಿಸಿದರೂ ಎರಡು ದಾಖಲೆಯಾಗದು. ಮೂರೂ ಕಡೆಯ ಕಂಪ್ಯೂಟರುಗಳ ಗಡಿಯಾರ ಒಂದೇ ಸಮಯ ತೋರಿಸುವಂತೆ ನೋಡಿಕೊಳ್ಳಿ.

ಲೆಕ್ಕಪರಿಶೋಧಕಿ ಮೈಸೂರು

ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. ವಿನಾಯಿತಿ ಪಡೆದ ಸರಕಿಗೆ ತೆರಿಗೆ ಬಿಲ್ಲಿನ ಬದಲು ನೀವು ಕೊಡುವ ಬಿಲ್ ಆಫ್ ಸಪ್ಲೈಗೆ ಜಿಎಸ್‌ಟಿಯ 49ನೇ ನಿಯಮವು ಒಂದಕ್ಕಿಂತ ಹೆಚ್ಚು ಸರಣಿಗಳನ್ನು ಒಪ್ಪುತ್ತದೆ. ಆಯಾ ಸರಣಿಯೊಳಗೆ ಸಂಖ್ಯೆ ಅನುಕ್ರಮವಾಗಿರಬೇಕು, ಹಣಕಾಸು ವರ್ಷದೊಳಗೆ ಮರುಕಳಿಸಬಾರದು, ಒಟ್ಟು 16 ಅಕ್ಷರಗಳನ್ನು ಮೀರಬಾರದು. ಸರಣಿಗಳನ್ನು ಏಪ್ರಿಲ್ 1ರಿಂದಲೇ ಹಳೆಯ ಸರ್ವರಿನಲ್ಲಿ ಆರಂಭಿಸಿಬಿಡಿ. ಜುಲೈನಲ್ಲಿ ಸ್ಥಳಾಂತರವಾದಾಗ ವರ್ಷದ ನಡುವೆ ಸಂಖ್ಯೆಯ ಕ್ರಮ ಬದಲಾಗುವುದಿಲ್ಲ.